ಟೀಚರಮ್ಮನ ಮುದ್ದೆ ಕೋಲು

ಅಟ್ಟದ ಮೇಲಿನ ಹಳೆಯ ಪಾತ್ರೆಗಳನ್ನು ಇಳಿಸುವಾಗ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಮುದ್ದೆ ಕೋಲು ಕೈಗೆ ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಬೆಂದ ರಾಗಿಯ ವಾಸನೆ... ಅದು ನನ್ನ ಕೋಲಲ್ಲ. ಭಾರತೀನಗರದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಟೀಚರಮ್ಮನದು. ನಾನು ಬೇಕೆಂದೇ ಎತ್ತಿಕೊಂಡು ಬಂದದ್ದು.

ಏಳನೇ ಕ್ಲಾಸಿನಲ್ಲಿ ಅವರು ನನಗೆ ಪಾಠ ಹೇಳಿದವರು. ಒಂದು ದಿನ ಅವರ ವಾಚು ಕಾಣೆಯಾಯಿತು. ಎಲ್ಲರನ್ನೂ ಬಿಟ್ಟು ನನ್ನ ಚೀಲವನ್ನೇ ನೆಲಕ್ಕೆ ಸುರಿದರು. ಏನೂ ಸಿಗಲಿಲ್ಲ. ಆದರೂ ಸಂಜೆಯವರೆಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಮೂರನೇ ದಿನ ಅದೇ ವಾಚು ಅವರ ಕೈಯಲ್ಲಿತ್ತು. ಎಲ್ಲಿ ಸಿಕ್ಕಿತೆಂದು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ‘ವಾಚ್ ಕಳ್ಳಿ’ ಅನ್ನುವ ಹೆಸರು ಮಾತ್ರ ನನ್ನ ಮದುವೆಯ ಚಪ್ಪರದವರೆಗೂ ಬಂತು.

ನಿವೃತ್ತರಾದ ಮೇಲೆ ಅದೇ ಟೀಚರಮ್ಮ ಕರುಣೆ ಕಲಿಸಲು ಹೊರಟರು. ನಗು ಬರುವುದಿಲ್ಲವೇ? ಭಾನುವಾರ ಬೆಳಿಗ್ಗೆ ಅವರ ಜಗಲಿಯಲ್ಲಿ ಒಂಬತ್ತು ಹೆಂಗಸರು ಸೇರುತ್ತಿದ್ದೆವು. ಪ್ರತಿಯೊಬ್ಬರೂ ಒಂದು ಬೊಗಸೆ ರಾಗಿ ಹಿಟ್ಟು ತಂದು ಒಂದೇ ಡಬರಿಗೆ ಸುರಿಯಬೇಕು. ಮುದ್ದೆ ಕೋಲು ಯಾರ ಕೈಯಲ್ಲಿದೆಯೋ ಅವರು ಮಾತ್ರ ತಮ್ಮ ನೋವು ಹೇಳಬೇಕು, ಉಳಿದವರು ತುಟಿ ಬಿಚ್ಚುವಂತಿಲ್ಲ. ಹೇಳಿ ಮುಗಿದರೆ ಕೋಲು ಪಕ್ಕದವರಿಗೆ. ಸುತ್ತು ಮುಗಿದ ಮೇಲೆ ಅದೇ ಕೋಲಿನಲ್ಲಿ ಮುದ್ದೆ ತಿರುವಿ ಎಲ್ಲರೂ ಉಣ್ಣುವುದು.

“ಬ್ಯಾರೇರ ನೋವು ಕೇಳುಸ್ಕೊಳಾದೂ ಒಂದು ಇದ್ಯೆ ಕಣ್ರವ್ವ, ಕಲೀಬೇಕು,” ಅನ್ನುತ್ತಿದ್ದರು.

ನಾನು ಸೇರಿದ್ದು ಕಲಿಯಲಿಕ್ಕಲ್ಲ, ಅಷ್ಟು ಜನರ ಮುಂದೆ ಅವರ ಮಾನ ಕಳೆಯಲಿಕ್ಕೆ. ಸುಳ್ಳು ಯಾಕೆ ಹೇಳಲಿ, ಆ ಗುಂಪಿನವರು ಒಬ್ಬರಿಗೊಬ್ಬರು ಆಗುತ್ತಿದ್ದರು. ನನಗೆ ಆಪರೇಷನ್ ಆದಾಗ ಎಂಟು ದಿನ ಸರದಿಯ ಮೇಲೆ ಊಟ ತಂದರು. ಟೀಚರಮ್ಮ ತಮ್ಮ ಸರದಿಗೆ ಉಪ್ಸಾರು ತಂದಿದ್ದರು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನಾನು ಕೈ ನೆಕ್ಕಿಕೊಂಡು ಉಂಡೆ, ಬಗೆದೆ ಕೂಡ.

ಹುಷಾರಾದ ಮೇಲಿನ ಮೊದಲ ಭಾನುವಾರ ಅವರ ಪಕ್ಕದಲ್ಲೇ ಕೂತೆ. ಮುಖವನ್ನು ಹತ್ತಿರದಿಂದ ನೋಡಬೇಕಿತ್ತು. ಕೋಲು ಕೈಗೆ ಬಂದಾಗ ವಾಚಿನ ಕಥೆಯನ್ನು ಪೂರ್ತಿ ಹೇಳಿದೆ.

“ನನ್ನ ಕಳ್ಳಿ ಮಾಡ್ದೋರು ಇವ್ರೇಯ,” ಅಂದೆ.

ಟೀಚರಮ್ಮ ಏನೋ ಹೇಳಹೊರಟು ತುಟಿ ಕಚ್ಚಿಕೊಂಡರು. ನಿಯಮ ಅವರದೇ, ಮುರಿಯುವಂತಿಲ್ಲ. ಮುಂದಿನ ಸರದಿ ಅವರದು, ಕೋಲಿಗಾಗಿ ಕೈ ಚಾಚಿದರು. ನಾನು ಕೊಡಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಬಂದೆ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅವತ್ತು ಮನೆಯಲ್ಲಿ ಉಂಡ ಊಟದ ರುಚಿ ಮತ್ತೆ ಯಾವತ್ತೂ ಸಿಗಲಿಲ್ಲ.

ಮುಂದಿನ ಭಾನುವಾರದಿಂದ ಆ ಜಗಲಿಗೆ ಯಾರೂ ಹೋಗಲಿಲ್ಲ. ಒಂದು ದಿನ ಟೀಚರಮ್ಮನೇ ನಮ್ಮ ಬಾಗಿಲಿಗೆ ಬಂದರು.

“ಮುದ್ದೆ ಕೋಲು ಕೊಡವ್ವ. ನನ್ ಸರದಿ ಅಲ್ವಾ?”

“ಒಲೆಗಾಕ್ದೆ, ಓಗಿ.”

ಅವರು ಗೇಟು ಎಳೆದುಕೊಂಡು ಹೋದರು. ಕೋಲಿಲ್ಲದಿದ್ದರೆ ಏನಾಯಿತು, ನನ್ನ ಹತ್ತಿರ ಒಂದು ಮಾತು ಆಡಲು ಯಾರು ಅಡ್ಡ ಬಂದಿದ್ದರು? ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಆ ವರ್ಷದ ಮಳೆಗಾಲ ಕಳೆಯುವ ಮೊದಲೇ ಅವರು ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾನು ಮಣ್ಣಿಗೂ ಹೋಗಲಿಲ್ಲ.

ಈಗ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ತಪ್ಪಾಯಿತು ಅನ್ನುತ್ತಿದ್ದರೋ, ನೀನೇ ಕದ್ದಿದ್ದೆ ಅನ್ನುತ್ತಿದ್ದರೋ... ಇನ್ನು ಗೊತ್ತಾಗುವುದಿಲ್ಲ. ಸೇಡು ತೀರಿಸಿಕೊಂಡೆ, ನಿಜ. ಆದರೆ ಏಳನೇ ಕ್ಲಾಸಿನಿಂದ ನಾನು ಕಾದಿದ್ದ ಮಾತು ಅವರ ಬಾಯಲ್ಲೇ ಉಳಿಯಿತು.

ಸೊಸೆ ಬಂದು ಕೋಲನ್ನು ತಿರುಗಿಸಿ ನೋಡಿದಳು. “ಇದು ಸೀಳ್ಬುಟ್ಟದೆ ಕಣತ್ತೆ. ಒಲೆಗಾಕ್ಲಾ?”

“ಬ್ಯಾಡ ಕಣವ್ವ,” ಅಂದೆ. “ಟೀಚರಮ್ಮಂದು. ಅವ್ರ ಸರದಿ ಇನ್ನೂ ಆಗಿಲ್ಲ.”