ಗುರುವಾರಕ್ಕೊಮ್ಮೆ ಹಿಮದ ಗುಡ್ಡಾ ಹತ್ತಿದ್ದು

ನಾ ಹುಬ್ಬಳ್ಳಿಯವ, ನನ್ನ ಹೆಂಡತಿ ಮೈಸೂರು ಕಡೆಯಾಕಿ. ಮದುವಿ ಆಗಿ ಪುಣೆಗೆ ಬಂದ ಹೊಸದರಾಗ ಆಕಿ ಒಂದು ವಿಡಿಯೋ ಗೇಮ್ ಆಡಿ ಮುಗಿಸಿದ್ಲು. ಇಬ್ಬರೋ ಮೂವರೋ ಸೇರಿ ಮಾಡಿದ ಸಣ್ಣ ಗೇಮ್, ಆದ್ರ ಗೊತ್ತಿದ್ದವ್ರು ಇವತ್ತಿಗೂ ಹೊಗಳ್ತಾರ. ಲಾಟೀನು ಹಿಡಕೊಂಡು ಒಬ್ಬ ಮುದುಕಿ ಹಿಮದ ಗುಡ್ಡಾ ಹತ್ತಬೇಕು, ಅಷ್ಟ. "ನೀನೂ ಆಡೋ. ಅದರ ಕೊನೆ ಬಗ್ಗೆ ಮಾತಾಡೋಕೆ ನಂಗೆ ಯಾರೂ ಇಲ್ಲ," ಅಂತ ವರ್ಷಾನುಗಟ್ಟಲೆ ಗಂಟುಬಿದ್ದಿದ್ಲು. ನಾ ಹೂಂ ಹೂಂ ಅಂತ ಕ್ರಿಕೆಟ್ ನೋಡಕೋತ ಇದ್ದೆ.

ಈ ವರ್ಷ ಹುಟ್ಟುಹಬ್ಬಕ್ಕ ಏನ್ ಬೇಕಂತ ಕೇಳಿದೆ. ಸೀರಿ ಅಂತಾಳ ಅನ್ಕೊಂಡಿದ್ದೆ. "ಆ ಗೇಮ್ ಆಡಿ ಮುಗ್ಸು," ಅಂದ್ಲು. ಸಿಕ್ಕಿಬಿದ್ದೆ ನೋಡ್ರಿ.

ಪುಣೆ ಹತ್ರ ಚಾಕಣದಾಗಿನ ನಮ್ಮ ಫ್ಯಾಕ್ಟರಿಗೆ ಗುರುವಾರ ಸೂಟಿ. ಆಕಿ ಆಫೀಸಿಗೆ ಹೋದ ಮ್ಯಾಲೆ ನಾ ಹಳೇ ಕಂಪ್ಯೂಟರ್ ಮುಂದ ಕೂತೆ. ಅಬ್ಬಬ್ಬಾ, ಆ ಮುದುಕಿ! ಹೆಜ್ಜಿಗೊಮ್ಮೆ ಜಾರ್ತಾಳ. ಗಾಳಿ ಬಂದ್ರ ಲಾಟೀನು ಆರತದ, ಆರಿದ್ರ ಮತ್ತ ಕೆಳಗಿಂದ ಹತ್ತಬೇಕು. ನನಗ ಮೊದಲ ಮೂಗಿನ ತುದಿಗೆ ಸಿಟ್ಟು. "ಏ ಮಂಗ್ಯಾನಂಥಾಕಿ, ಕಾಲು ನೋಡಿ ಇಡು!" ಅಂತ ಒದರಿದ್ದಕ್ಕ ಮ್ಯಾಲಿನ ಮನಿ ಮರಾಠಿ ಅಜ್ಜಿ ಗಾಬರಿಯಾಗಿ ಕೆಳಗ ಬಂದ್ರು. ಗೇಮ್ ತೋರಿಸಿ ಕಳಿಸೂದ್ರಾಗ ಸಾಕಾತು.

ಇನ್ನೇನು ತುದಿ ಕಾಣ್ತದ ಅನ್ನೂದ್ರಾಗ ಕರೆಂಟ್ ಹೋತು. ಪುಣೇದಾಗ ರಿಪೇರಿಗಂತ ಕರೆಂಟ್ ತಗಿಯೂದು ಗುರುವಾರನ. ಇಷ್ಟು ವರ್ಷ ಇಲ್ಲಿದ್ದೂ ಮರತಿದ್ದೆ. ಅವತ್ತು ಹತ್ತಿದ್ದೆಲ್ಲಾ ನೀರಾಗ ಹೋಮಾ. ಸಂಜಿಕ ಆಕಿ ಬಂದ ಕೂಡ್ಲೆ, "ಹಾಳಾಗಿ ಹೋಗ್ಲಿ, ನನ್ನ ಕೈಲೆ ಆಗಂಗಿಲ್ಲ. ಕೊನಿಗೆ ಏನದ ಹೇಳಿಬಿಡು, ಮಾತಾಡೂಣು," ಅಂದೆ. ಆಕಿ ಜಗಳಾ ಆಡ್ಲಿಲ್ಲ. "ಹೋಗ್ಲಿ ಬಿಡು," ಅಂತ ಅಡಿಗಿ ಮನಿಗೆ ಹೋದ್ಲು. ಬೈದಿದ್ರ ಬೇಕಾಗಿತ್ತು. ಆ "ಬಿಡು" ನನಗ ಭಾಳ ಚುಚ್ಚಿತು.

ಮುಂದಿನ ಗುರುವಾರ ಮತ್ತ ಕೂತೆ. ಮಧ್ಯಾಹ್ನಕ್ಕ ಮುದುಕಿ ಮ್ಯಾಲೆ ಮುಟ್ಟಿದ್ಲು! ಅಲ್ಲೊಂದು ಗುಡಿಸಲಾ, ಒಳಗ ಬೆಂಕಿ, ಎರಡು ಸ್ಟೂಲು. ಆಕಿ ಒಂದರ ಮ್ಯಾಲೆ ಕೂತ್ಲು. ಮತ್ತೇನೂ ಆಗ್ಲಿಲ್ಲ. ಆಕೀನ್ನ ಎಬ್ಬಿಸೂ ಬಟನ್ ಒತ್ತಿದ್ರ ಆಟಾ ಮುಗೀತದ, ಒತ್ತದಿದ್ರ ಎಷ್ಟೊತ್ತು ಬೇಕಾದ್ರೂ ಕೂಡಬಹುದು. ಇನ್ನೊಂದು ಸ್ಟೂಲು ಖಾಲಿನ ಇತ್ತು. ಗೆದ್ದ ಖುಷಿಯೊಳಗೂ ನನ್ನ ಕಣ್ಣು ಅದರ ಮ್ಯಾಲೇ ಹೋಗತಿತ್ತು. ಇದರ ಬಗ್ಗೆ ನನಗೂ ಹೆಂಡತಿ ಕೂಡನ ಮಾತಾಡಬೇಕನಸ್ತು. ಬಟನ್ ಮ್ಯಾಲಿಂದ ಕೈ ತಗದೆ. ಕರೆಂಟ್ ಹೋಗಬಾರದಪ್ಪಾ ಅಂತ ಬೇಡಕೋತ, ಚಹಾ ಮ್ಯಾಲೆ ಚಹಾ ಕುಡದು ಸಂಜಿ ಮಾಡಿದೆ.

ಆಕಿ ಬಂದು, ಹೆಗಲಿನ ಬ್ಯಾಗ್ ಸೈತ ಇಳಸದ ಹಂಗ ನಿಂತು ನೋಡಿದ್ಲು. "ಎಬ್ಬಿಸ್ಲಿಲ್ವಾ ಅವಳನ್ನ?"

"ನೀ ಬರ್ಲಿ ಅಂತ ಕೂಡಿಸೇನಿ."

"ನಾನಂತೂ ಅವಳು ಕೂತ ತಕ್ಷಣ ಎಬ್ಬಿಸ್ಬಿಟ್ಟೆ ಕಣೋ. ಆಗ ಈ ಊರಲ್ಲಿ ನಂಗೆ ಒಬ್ರೂ ಗೊತ್ತಿರ್ಲಿಲ್ಲ, ನೀನು ಯಾವಾಗ್ಲೂ ಡ್ಯೂಟಿಲಿ. ಆ ಖಾಲಿ ಸ್ಟೂಲ್ ನೋಡೋಕಾಗ್ಲಿಲ್ಲ. ಇನ್ನೂ ಸ್ವಲ್ಪ ಕಾದಿದ್ರೆ ಯಾರಾದ್ರೂ ಬರ್ತಿದ್ರೇನೋ ಅಂತ ಈಗ್ಲೂ ಅನ್ಸುತ್ತೆ."

"ಮಧ್ಯಾಹ್ನದಿಂದ ನೋಡೇನಿ," ಅಂದೆ. "ಯಾರೂ ಬರೂದಿಲ್ಲ."

"ನಿಜವಾಗ್ಲೂ?"

"ನಿನ್ನಾಣಿ."

"ಸದ್ಯ," ಅಂತ ಉಸಿರು ಬಿಟ್ಲು. ಕುರ್ಚಿ ಎಳಕೊಂಡು ನನ್ನ ಬಾಜೂ ಕೂತು, "ಈಗ್ಲೇ ಎಬ್ಬಿಸ್ಬೇಡ," ಅಂದ್ಲು.