ಪಾಚಿ ಉಜ್ಜದ ಮೆಟ್ಟಿಲು

೧೯೬೭ರಲ್ಲಿ ನಾನು ಶಹಾಬಾದಿನ ಒಂದು ಚಿಕ್ಕ ಕ್ರೈಸ್ತ ಸಭೆಗೆ ಪಾಸ್ಟರನಾಗಿದ್ದೆ. ಬಿ.ಎ. ಮುಗಿಸಿ, ದೇವಶಾಸ್ತ್ರದ ತರಬೇತಿ ಪಡೆದು ಬಂದ ನನಗೆ ಅದು ಎರಡನೆಯ ನೇಮಕ. ಸಭೆಯವರಲ್ಲಿ ಹೆಚ್ಚಿನವರು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗಳಲ್ಲಿ ದುಡಿಯುವವರು. ಕೆಲವರು ವಾಡಿ ಜಂಕ್ಷನ್ನಿನ ಹಮಾಲರು. ನಿವೃತ್ತನಾಗಿ ಬಹಳ ಕಾಲವಾಯಿತು, ಆ ಬೇಸಿಗೆಯ ಒಂದು ಬೆಳಿಗ್ಗೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಇಂದಿಗೂ ಸ್ನಾನಕ್ಕೆ ಕೂತು ತಲೆಯ ಮೇಲೆ ತಂಬಿಗೆ ಸುರಿದುಕೊಂಡಾಗ ಒಮ್ಮೊಮ್ಮೆ ಉಸಿರು ಕಟ್ಟುತ್ತದೆ.

ನಮ್ಮಲ್ಲಿ ದೀಕ್ಷಾಸ್ನಾನವೆಂದರೆ ತಲೆಗೆ ನೀರು ಚಿಮುಕಿಸುವುದಲ್ಲ. ನಂಬಿದವನನ್ನು ಪೂರ್ತಿ ಮುಳುಗಿಸಿ ಎತ್ತುವುದು. ಬೇಸಿಗೆಯಲ್ಲಿ ಕಾಗಿಣಾ ಹೊಳೆಯಲ್ಲಿ ಅಷ್ಟು ನೀರು ಇರುತ್ತಿರಲಿಲ್ಲ. ಹಾಗಾಗಿ ಊರಾಚೆಯ ಕೈಬಿಟ್ಟ ಗಣಿಯ ಹೊಂಡಕ್ಕೆ ಹೋಗುತ್ತಿದ್ದೆವು. ಫರ್ಸಿ ಪದರುಪದರಾಗಿ ಏಳುವ ಕಲ್ಲಾದ್ದರಿಂದ ಹೊಂಡದ ಒಂದು ಬದಿ ಅಗಲ ಮೆಟ್ಟಿಲುಗಳಂತಿತ್ತು. ಅಲ್ಲಿಂದ ಆಚೆ ನೆಟ್ಟಗೆ ಆಳ. ನೀರು ಏರಿ ಇಳಿದಂತೆ ನಿಲ್ಲಬೇಕಾದ ಮೆಟ್ಟಿಲು ವರ್ಷವರ್ಷ ಬದಲಾಗುತ್ತಿತ್ತು. ಸೊಂಟಮಟ್ಟ ನೀರಿರುವ ಮೆಟ್ಟಿಲನ್ನು ಹುಡುಕಿ, ಅದರ ಮೇಲಿನ ಪಾಚಿಯನ್ನು ಇಟ್ಟಿಗೆಚೂರಿನಿಂದ ಉಜ್ಜಿ ತೆಗೆದು, ದಡದ ಬಿರುಕಿನಲ್ಲಿ ಸಬ್ಬಲ ಬಡಿದು ಹಗ್ಗ ಕಟ್ಟುವುದು ಸಮೇಲಪ್ಪನವರ ಕೆಲಸ. ಯಾರೂ ಹೇಳುತ್ತಿರಲಿಲ್ಲ, ಅವರೇ ಹಿಂದಿನ ದಿನ ಹೋಗಿ ಮಾಡಿ ಬರುತ್ತಿದ್ದರು.

ಸಮೇಲಪ್ಪನವರು ಐವತ್ತು ದಾಟಿದ ಕಲ್ಲುಕುಟಿಗರು. ಪ್ರಾರ್ಥನಾ ಮಂದಿರಕ್ಕೆ ಫರ್ಸಿ ಹಾಸಿದವರು ಅವರು. ಗಂಟೆ ಬಾರಿಸುವವರು ಅವರು. ಯಾರ ಮನೆಯಲ್ಲಿ ಸಾವಾದರೂ ಗುಂಡಿ ತೋಡುವವರು ಅವರು. ಕುಡಿತವಿಲ್ಲ, ಬೈಗುಳವಿಲ್ಲ. ಇಡೀ ಸಭೆ ಅವರ ಮೇಲೆ ನಿಂತಿತ್ತು. ಆದರೆ ನಾವು ಕಾಲಕೆಳಗಿನ ಹಾಸನ್ನು ದಿನಾ ನೋಡುತ್ತೇವೆಯೇ?

ಆ ವರ್ಷ ವಾಡಿಯ ಹಮಾಲ ಭೀಮಶಾ ನಂಬಿಕೆಗೆ ಬಂದ. ಆಳು ಎತ್ತಿನಂಥವನು, ಕುಡಿದರೆ ಇನ್ನೂ ಜೋರು. ಮೂರು ತಿಂಗಳಿಂದ ಹೆಂಡ, ಸೆರೆ ಮುಟ್ಟಿರಲಿಲ್ಲ. ದೀಕ್ಷಾಸ್ನಾನಕ್ಕೆ ಮೊದಲು ಸಭೆಯ ಮುಂದೆ ನಿಂತು ತನ್ನ ಬದುಕು ಹೇಗೆ ತಿರುಗಿತೆಂದು ಹೇಳುವ ರೂಢಿಯಿದೆ. ಅದಕ್ಕೆ ಸಾಕ್ಷಿ ಎನ್ನುತ್ತೇವೆ. ಭೀಮಶಾ ಎದ್ದು ನಿಂತ.

"ಮ್ಯಾಲಿನ ಖಿಡಕಿಗೆ ಕಲ್ಲ ಒಗದಾವ ನಾನೇ ರೀ," ಎಂದು ಶುರು ಮಾಡಿದ. "ಒಳಗ ನೀವು ಹಾಡಲಿಕತ್ತಿದ್ರಿ, ಹೊರಗ ಕುಡದು ಬಿದ್ದಿದ್ದ ನನ್ನ ನಿದ್ದಿ ಕೆಟ್ಟಿತ್ತು. ಗಾಜು ಒಡದ್ರೂ ನೀವು ಹಾಡಾದು ಬಿಡಲಿಲ್ಲ. ಆವತ್ತೇ ಅಂದುಕೊಂಡೆ, ಇವರಿಗೆ ನನಗಿಂತ ದೊಡ್ಡ ನಶಾ ಏರ್ಯಾದ ಅಂತ."

ಜನ ಬಿದ್ದು ಬಿದ್ದು ನಕ್ಕರು, ಆಮೇಲೆ ಅತ್ತರು. ಹೆಂಗಸರು ಅವನ ತಲೆ ಸವರಿ ಲಟಿಕೆ ಮುರಿದರು. ಒಡೆದ ಗಾಜನ್ನು ಕೈ ಕೊಯ್ದುಕೊಂಡು ಬದಲಿಸಿದ ಸಮೇಲಪ್ಪನವರು ಬಾಗಿಲ ಬಳಿ ಕೂತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಹೊರಗೆ ಬಂದಾಗ ಅವರ ಹೆಂಡತಿ ರೂತಮ್ಮ, ಗಂಡ ಕೇಳುವಂತೆಯೇ ನನಗೆ ಹೇಳಿದರು: "ಅಯ್ಯನೋರೆ, ನಮ್ಮ ಮನೆಯವರಿಗೂ ಒಂದಿನ ಸೆರೆ ಕುಡಸ್ರಿ. ಸಾಕ್ಷಿ ಹೇಳಾಕ ಏನರೆ ಸಿಗ್ತದ."

ಎಲ್ಲರೂ ನಕ್ಕರು. ಸಮೇಲಪ್ಪನವರೂ ನಕ್ಕಂತೆ ಮಾಡಿದರು. ಜನ ಚದುರಿದ ಮೇಲೆ ನನ್ನ ಬಳಿ ಬಂದರು.

"ಒಂದ್ ಮಾತ ಕೇಳ್ತೀನ್ರಿ. ದೇವರ ಮುಂದ ಅವನೂ ನಾನೂ ಒಂದೇ ಏನ್ರಿ?"

"ಒಂದೇ," ಎಂದೆ. ನೀತಿವಂತನೆಂದು ಎಣಿಸಲ್ಪಡುವುದು ನಂಬಿಕೆಯಿಂದ, ಅದು ದಾನ, ಕೂಲಿಯಲ್ಲ. ಒಳ್ಳೆಯ ಕ್ರಿಯೆಗಳು ಆ ಮರದ ಹಣ್ಣು, ಬೇರಲ್ಲ ಎಂದು ಪಾಠದಲ್ಲಿ ಕಲಿತಂತೆ ವಿವರಿಸಿದೆ.

"ಬೇರಾಗಲಿ ಹಣ್ಣಾಗಲಿ, ಇಷ್ಟ್ ವರ್ಷ ಗಿಡಕ್ಕ ನೀರ ಹೊತ್ತಾವ ಯಾರ್ರಿ?" ಎಂದರು. ಉತ್ತರಕ್ಕೆ ನಿಲ್ಲದೆ ಹೋದರು.

ದೀಕ್ಷಾಸ್ನಾನದ ಬೆಳಿಗ್ಗೆ ನಾವು ಹಾಡುತ್ತ ಹೊಂಡಕ್ಕೆ ಹೋದೆವು. ಬಿರುಕಿನಲ್ಲಿ ಸಬ್ಬಲ ನಿಂತಿತ್ತು, ಹಗ್ಗ ನೀರಿಗೆ ಇಳಿದಿತ್ತು. ಎಲ್ಲ ಎಂದಿನಂತೆಯೇ ಇತ್ತು. ಸಮೇಲಪ್ಪನವರು ಯಾವಾಗಲೂ ನನ್ನ ಜೊತೆ ನೀರಿಗಿಳಿಯುವವರು, ಆ ದಿನ ದಡದಲ್ಲೇ ಉಳಿದರು. "ಮೈಗೆ ಆರಾಮಿಲ್ರಿ," ಎಂದರು.

ನಾನೂ ಭೀಮಶಾನೂ ಹಗ್ಗ ಹಿಡಿದು ಇಳಿದೆವು. ಕೈ ಮುಗಿಯಬೇಕಾಗಿದ್ದರಿಂದ ಅವನು ಹಗ್ಗ ಬಿಟ್ಟ. ನಾನು ಬಲಗೈಯನ್ನು ಅವನ ಬೆನ್ನಿಗೆ ಕೊಟ್ಟು, ಎಡಗೈ ಎತ್ತಿ, ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರುಗಳಲ್ಲಿ ಮೊದಲು ತಂದೆಯ ಹೆಸರು ಹೇಳಿದೆ. ಮಗನ ಹೆಸರು ಬಾಯಿಗೆ ಬರುವ ಮೊದಲೇ ಅವನು ಹಿಂದಕ್ಕೆ ವಾಲಿದ. ಕಾಲಕೆಳಗಿನ ಕಲ್ಲು ಬೆಣ್ಣೆಯಂತಾಯಿತು. ಇಬ್ಬರೂ ಒಟ್ಟಿಗೆ ಜಾರಿದೆವು.

ನನಗೆ ಈಜು ಬಾರದು, ಅವನಿಗೂ ಬಾರದು. ಮೇಲಿನ ನೀರು ಬೆಚ್ಚಗಿತ್ತು, ಕೆಳಗಿನದು ಕೊರೆಯುವಷ್ಟು ತಣ್ಣಗೆ. ಭೀಮಶಾ ನನ್ನ ಕುತ್ತಿಗೆ ತಬ್ಬಿಕೊಂಡ. ಕೈಗೆ ಸಿಕ್ಕ ಗೋಡೆಯೆಲ್ಲ ನುಣುಪು. ಹೇಗೋ ಒಮ್ಮೆ ತಲೆ ಮೇಲೆ ಬಂತು. ದಡದಲ್ಲಿ ಜನ ಚೀರುತ್ತಿದ್ದರು, ಅತ್ತಿತ್ತ ಓಡುತ್ತಿದ್ದರು. ಅವರ ನಡುವೆ ಸಮೇಲಪ್ಪನವರು ಕೈಕಟ್ಟಿಕೊಂಡು ನಿಂತಿದ್ದರು. ಅವರ ಕಣ್ಣು ನನ್ನ ಮೇಲಿರಲಿಲ್ಲ, ಭೀಮಶಾನ ಮೇಲಿತ್ತು. ಬಹುದಿನ ಕೋರ್ಟಿಗೆ ಅಲೆದವನು ಕೊನೆಗೆ ತೀರ್ಪು ಕೇಳಿಸಿಕೊಳ್ಳುವಾಗ ಇರುವಂಥ ಮುಖ. ನಾನು ಮತ್ತೆ ಮುಳುಗಿದೆ. ಆ ಮುಖ ಹಾಗೆ ಎಷ್ಟು ಹೊತ್ತು ಇತ್ತೋ ಹೇಳಲಾರೆ. ಕೆಲವು ರಾತ್ರಿ ಅದು ಈಗಲೂ ಹಾಗೆಯೇ ನಿಂತಿರುತ್ತದೆ.

ಆಮೇಲೆ ನನ್ನ ಮುಖಕ್ಕೆ ಬಟ್ಟೆ ಬಡಿಯಿತು. ಸಮೇಲಪ್ಪನವರು ತಲೆಯ ರುಮಾಲು ಬಿಚ್ಚಿ, ಒಂದು ತುದಿಯನ್ನು ಹಗ್ಗಕ್ಕೆ ಗಂಟುಹಾಕಿ, ಇನ್ನೊಂದನ್ನು ಎಸೆದಿದ್ದರು. "ಹಿಡೀರಿ! ಭೀಮ್ಯಾ, ಅವರ ಕುತ್ತಿಗಿ ಬಿಡೋ, ಬಟ್ಟಿ ಹಿಡಿ!" ಎಂದು ಕೂಗುತ್ತ ತಾವೇ ಎದೆಮಟ್ಟ ನೀರಿಗಿಳಿದು ಎಳೆದರು. ಇಬ್ಬರನ್ನೂ ಎಳೆದರು.

ಭೀಮಶಾ ನೀರು ಕಕ್ಕಿ, ಮೊದಲು ಕೇಳಿದ್ದು ಇದು: "ಅಯ್ಯನೋರೆ, ನಾ ಮುಳಗಿದ್ದು ಲೆಕ್ಕಕ್ಕ ಹಿಡೀತಾನೋ ಇಲ್ಲೋ ದೇವರು?"

ಯಾರೂ ನಗಲಿಲ್ಲ. ಸಮೇಲಪ್ಪನವರು ಬರಿದಲೆಯಲ್ಲಿ ಕಲ್ಲಿನ ಮೇಲೆ ಕುಸಿದು ಕೂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದರು: "ಸಬ್ಬಲ ಬಡದೀನಿ, ಹಗ್ಗ ಕಟ್ಟೀನಿ. ಪಾಚಿ ಮಾತ್ರ ಉಜ್ಜಿಲ್ಲ. ಮರತಿಲ್ಲ, ಬೇಕಂತ ಬಿಟ್ಟೀನಿ. ನಂಬಿಕಿ ಸಾಕಂತಲ್ಲ, ಅದೇ ಹಿಡ್ಕೊಳ್ಳಲಿ ಅವಗ ಅಂದೆ."

ವಾಡಿಯಿಂದ ಬಂದಿದ್ದ ಇಬ್ಬರು ಹಮಾಲರು ಅವರ ಮೈಮೇಲೆ ಹೋದರು. ಭೀಮಶಾ ತತ್ತರಿಸುತ್ತ ಎದ್ದು ಅಡ್ಡ ನಿಂತ. "ಕಾಕಾ ನನಗ ಎಳದಾನ. ಮುಗೀತು. ಮಾಫ್ ಮಾಡೀನಿ," ಎಂದ.

ಸಮೇಲಪ್ಪನವರು ತಲೆಯೆತ್ತಿ ಅವನನ್ನು ನೋಡಿದರು. ಆಗಲೂ ಅವರ ಕಣ್ಣಲ್ಲಿ ಇದ್ದದ್ದು ಹೊಟ್ಟೆಕಿಚ್ಚೇ, ಆದರೆ ಸೋತು ಸುಣ್ಣವಾದದ್ದು. "ಈ ದೊಡ್ಡತನಾನೂ ನಿನ್ನ ಪಾಲಿಗೇ ಬಂತಲ್ಲೋ, ಭೀಮ್ಯಾ," ಎಂದರು.

ಆ ಮೇಲೆ ಅವರು ಮಂದಿರಕ್ಕೆ ಬರಲಿಲ್ಲ. ಗಂಟೆಯನ್ನು ಬೇರೆಯವರು ಬಾರಿಸಿದರು, ಲಯ ಕೂಡಲಿಲ್ಲ. ಒಂದು ಸಂಜೆ ನಾನೇ ಅವರ ಮನೆಗೆ ಹೋದೆ. ರೂತಮ್ಮ ಚಹಾ ಇಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು.

"ಶಿಕ್ಷಾ ಹೇಳ್ರಿ," ಎಂದರು ಸಮೇಲಪ್ಪನವರು. "ಕಂಪೌಂಡ್ ಗ್ವಾಡಿ ಕಟ್ಟು ಅನ್ರಿ, ಒಬ್ಬನೇ ಕಟ್ತೀನಿ."

"ಶಿಕ್ಷೆ ಇಲ್ಲ. ಅವನು ಕ್ಷಮಿಸಿದ್ದಾನೆ."

"ಪುಕ್ಕಟ ಮಾಫಿ ನನಗ ಪಚನ ಆಗಂಗಿಲ್ರಿ. ನಾ ಯಾರ ಕೈಯಾಂದೂ ಹಂಗ ತೊಗೊಂಡಾವಲ್ಲ. ದೇವರ ಕೈಯಾಂದೂ."

ನಂಬಿಕೆ ಮತ್ತು ಕ್ರಿಯೆಗಳ ಬಗ್ಗೆ ನಾನು ಬರೆದ ಪರೀಕ್ಷೆಗಳಲ್ಲೆಲ್ಲ ಈ ಪ್ರಶ್ನೆ ಬಂದಿರಲಿಲ್ಲ. ಹೇಳಲು ನನ್ನ ಬಳಿ ಒಂದೇ ಮಾತಿತ್ತು: "ಭೀಮಶಾನ ಸ್ನಾನ ಅರ್ಧಕ್ಕೆ ನಿಂತಿದೆ. ನೀವು ಬಂದರೆ ಮಾತ್ರ ನೀರಿಗಿಳಿಯುತ್ತೇನೆ ಅನ್ನುತ್ತಾನೆ."

ಗೊತ್ತುಮಾಡಿದ ದಿನ ಸಭೆಯವರು ಸೇರುವ ಮೊದಲೇ ನಾನು ಹೋದಾಗ, ಸಮೇಲಪ್ಪನವರೂ ಕೈಯಲ್ಲಿ ಇಟ್ಟಿಗೆಚೂರು ಹಿಡಿದು ಬಂದರು. ಹೊಂಡದಲ್ಲಿ ಭೀಮಶಾ ಆಗಲೇ ಮಂಡಿಯೂರಿ, ಗದ್ದದವರೆಗೆ ನೀರಿನಲ್ಲಿ, ಮೆಟ್ಟಿಲು ಉಜ್ಜುತ್ತಿದ್ದ. ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದ.

"ಕಾಕಾ, ಇದು ಆಯ್ತು. ನೀವು ಬರೇ ನಿಂದರ್ರಿ."

ಮಾಡಲು ಕೆಲಸವಿಲ್ಲದ ಸಮೇಲಪ್ಪನವರನ್ನು ನಾನು ಕಂಡದ್ದು ಅದೇ ಮೊದಲು. ಇಟ್ಟಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಹಿಡಿದೇ ಇದ್ದರು. ಕೊನೆಗೆ ಅದನ್ನು ನೀರಿಗೆ ಬಿಟ್ಟು, ಇಳಿದು, ಭೀಮಶಾನ ಇನ್ನೊಂದು ಪಕ್ಕ ನಿಂತರು. ನಾನು ಮೂರೂ ಹೆಸರುಗಳನ್ನು ಪೂರ್ತಿ ಹೇಳಿದೆ. ಅವನನ್ನು ಎತ್ತುವಾಗ ಭಾರವೆಲ್ಲ ಅವರ ತೋಳ ಮೇಲಿತ್ತು. ಎದ್ದ ಭೀಮಶಾ ಅವರನ್ನು ತಬ್ಬಿಕೊಂಡ. ಅವರು ತಿರುಗಿ ತಬ್ಬಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಅವನ ಭುಜದ ಮೇಲೆ ಮುಖವಿಟ್ಟು ಅತ್ತರು.

ಮುಂದೆ ಚಿತ್ತಾಪುರ, ಸೇಡಂ, ಚಿಂಚೋಳಿಯ ಕಡೆಗಳಲ್ಲೂ ಸಭೆಗಳನ್ನು ನೋಡಿಕೊಂಡೆ. ನಂಬಿಕೆಯಿಂದಲೇ ನೀತಿ ಎಂಬ ಬೋಧನೆಯನ್ನು ನಾನು ಬದಲಿಸಲಿಲ್ಲ. ಅದು ಕುಡುಕನಿಗಿಂತ ಸಜ್ಜನನಿಗೆ ನುಂಗಲು ಕಷ್ಟವೆಂಬುದು ಮಾತ್ರ ಆ ಹೊಂಡದಲ್ಲಿ ತಿಳಿಯಿತು. ತಪ್ಪಿಸಿಕೊಂಡು ಹೋದವನನ್ನು ಹುಡುಕುವುದನ್ನು ಪಾಸ್ಟರನಿಗೆ ಎಲ್ಲರೂ ಕಲಿಸುತ್ತಾರೆ. ಎಲ್ಲೂ ಹೋಗದೆ ಬಾಗಿಲ ಬಳಿಯೇ ಕೂತವನನ್ನು ಹುಡುಕುವುದನ್ನು ಈ ಕೆಲಸವೇ ನನಗೆ ಕಲಿಸಿತು, ಅದೂ ಉಸಿರು ಹಿಡಿಸಿ.