ಎಮ್ಮೆಲ್ಲೆ ಅಣ್ಣನ ಎದುರು ನಾನು ಚುನಾವಣೆಗೆ ನಿಂತಿದ್ದು

ನಾನು ಜೀವನದಲ್ಲಿ ಒಂದೇ ಒಂದು ಸಲ ಚುನಾವಣೆಗೆ ನಿಂತಿದ್ದೇನೆ. ಅದೂ ಯಾರ ಎದುರು ಅಂತೀರಿ? ಗೆದ್ದು ಗೆದ್ದು ಕೂದಲು ಹಣ್ಣಾಗಿದ್ದ ನಮ್ಮ ಎಮ್ಮೆಲ್ಲೆಯವರ ಎದುರು. ಅವರು ವಿಧಾನಸಭೆ ಚುನಾವಣೆಯಲ್ಲಿ ಮೊದಲ ಸಲ ಸೋತು ಮನೆ ಸೇರಿದ ಮರುವರ್ಷ ನಡೆದ ಸಂಗತಿ ಇದು. ಅವರ ಹೆಸರು ಬರೆಯುವುದಿಲ್ಲ. ನಮ್ಮ ಕೆ. ಹೊಸಕೋಟೆ ಸುತ್ತಮುತ್ತ ಎಲ್ಲರೂ ಅವರನ್ನು ‘ಎಮ್ಮೆಲ್ಲೆ ಅಣ್ಣ’ ಎಂದೇ ಕರೆಯುತ್ತಿದ್ದರು. ಸೋತ ಮೇಲೂ ಹಾಗೇ ಕರೆದೆವು. ಬೇರೆ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ.

ನಮ್ಮನೆಯವರಿಗೆ ಅವರೆಂದರೆ ದೇವರಿಗಿಂತ ಒಂದು ತೂಕ ಹೆಚ್ಚು. ಅದಕ್ಕೆ ಕಾರಣವೂ ಇತ್ತು. ಹಿಂದೆ ಕಾಫಿ ತೋಟದಲ್ಲಿ ಕಾಡಾನೆಯೊಂದು ನಮ್ಮನೆಯವರನ್ನು ಎತ್ತಿ ಒಗೆದು ತೊಡೆ ಮುರಿದಿತ್ತು. ರಸ್ತೆ ಬದಿಗೆ ಹೊತ್ತು ತಂದರೆ ಒಂದು ಗಾಡಿಯೂ ಇಲ್ಲ. ಬಿಸಿಲೆ ಕಡೆಯಿಂದ ವಾಪಸ್ಸಾಗುತ್ತಿದ್ದ ಎಮ್ಮೆಲ್ಲೆ ಅಣ್ಣ ಜೀಪು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಇವರನ್ನು ಮಲಗಿಸಿ, ಇವರ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಹಾಸನದವರೆಗೂ ಅಲುಗಾಡದೆ ಕೂತಿದ್ದರು. ಬಿಳಿ ಪಂಚೆಯೆಲ್ಲ ರಕ್ತವಾಗಿತ್ತು. ‘ಈ ಕಾಲು ಅವ್ರು ಕೊಟ್ಟಿದ್ದು’ ಎಂದು ಇವರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಅಂಥವರು ಸೋತ ಸುದ್ದಿ ಬಂದ ದಿನ ಇವರು ಊಟ ಬಿಟ್ಟರು. ಸಂಜೆ ನೆಟ್ಟಗೆ ಊರ ಬಸವಣ್ಣನ ಗುಡಿಗೆ ಹೋಗಿ ನಾಲ್ಕು ಜನರ ಎದುರು, ‘ಅವ್ರು ಇನ್ನೊಂದ್ಸಲ ಗೆಲ್ಲೋವರ್ಗೂ ನಾನು ಕಾಲಿಗೆ ಚಪ್ಪಲಿ ಮೆಟ್ಟಲ್ಲ’ ಎಂದು ಹೇಳಿಬಿಟ್ಟರು. ನಾನು ಮನೆಯಲ್ಲಿ ತಲೆ ಚಚ್ಚಿಕೊಂಡೆ. ಹಟವೆಂದರೆ ಇವರದು, ಒಮ್ಮೆ ಹೇಳಿದರೆ ಮುಗಿಯಿತು. ಸ್ವಲ್ಪ ದಿನಕ್ಕೆ ಎಮ್ಮೆಲ್ಲೆ ಅಣ್ಣ, ‘ವಯಸ್ಸಾಯ್ತು, ಇನ್ನು ನಾನು ನಿಲ್ಲಲ್ಲ’ ಎಂದು ಆಲೂರಿನಲ್ಲಿ ಸಭೆ ಕರೆದು ಹೇಳಿದರು. ಆಗಲಾದರೂ ಇವರು ಸುಮ್ಮನಾಗಬೇಕಲ್ಲ? ಇಲ್ಲ. ಬರಿಗಾಲಲ್ಲೇ ತೋಟ, ಬರಿಗಾಲಲ್ಲೇ ಸಂತೆ.

ಇವರಿಗೆ ಸಕ್ಕರೆ ಕಾಯಿಲೆ ಇತ್ತು. ಮಳೆಗಾಲದಲ್ಲಿ ಒಂದು ಮುಳ್ಳು ಚುಚ್ಚಿತು. ಗೊತ್ತೇ ಆಗಲಿಲ್ಲ. ಗಾಯ ಕೊಳೆತು ಒಂದು ಬೆರಳು ತೆಗೆಯಬೇಕಾಯಿತು. ಹಾಸನದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮೇಲೆ ಮೆತ್ತನೆಯ ಚಪ್ಪಲಿ ಇಲ್ಲದೆ ಒಂದು ಹೆಜ್ಜೆಯೂ ಇಡಬಾರದು, ಇಟ್ಟರೆ ಮುಂದಿನ ಸಲ ಪಾದವೇ ಹೋಗುತ್ತದೆ ಎಂದರು. ಬರುವಾಗ ಬಸ್ಸಿನಲ್ಲಿ ನಾನು ಅತ್ತೆ. ಇವರು ಕಿಟಕಿ ಕಡೆ ಮುಖ ಮಾಡಿ ಕೂತರು. ಗುಡಿಯ ಅಯ್ನೋರು, ತಪ್ಪು ಕಾಣಿಕೆ ಹಾಕಿ ಬಿಡಿಸಿಕೊಳ್ಳಬಹುದು ಎಂದು ಹೇಳಿ ನೋಡಿದರು. ಹಾಗೆ ಬಿಡಿಸಿಕೊಳ್ಳುವುದಾದರೆ ಹೇಳಿದ್ದಾದರೂ ಯಾಕೆ ಎಂದು ಇವರು ಅವರಿಗೇ ತಿರುಗಿ ಕೇಳಿದರು.

ಕೊನೆಗೆ ನಾನು ಎಮ್ಮೆಲ್ಲೆ ಅಣ್ಣನ ಮನೆಗೆ ಹೋದೆ. ಪಕ್ಕದ ಊರು, ಗುಡ್ಡ ಇಳಿದರೆ ಅವರ ತೋಟ. ಅಷ್ಟು ವರ್ಷ ಜನ ತುಂಬಿರುತ್ತಿದ್ದ ಜಗಲಿಯಲ್ಲಿ ಒಬ್ಬರೇ ಕೂತು ಏಲಕ್ಕಿ ಬಿಡಿಸುತ್ತಿದ್ದರು. ವಿಷಯ ಹೇಳಿದೆ. ಅವರಿಗೆ ಹರಕೆಯ ಸುದ್ದಿಯೇ ಗೊತ್ತಿರಲಿಲ್ಲ. ಮಾರನೇ ದಿನವೇ ನಮ್ಮ ಮನೆಗೆ ಬಂದು, ನಾನೇ ಹೇಳುತ್ತಿದ್ದೇನೆ, ಹಾಕಿಕೋ ಎಂದು ಇವರಿಗೆ ಬುದ್ಧಿ ಹೇಳಿದರು, ಬೈದರು. ಇವರು ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, ‘ನಿಮ್ಗೆ ಹೇಳಿದ ಮಾತಲ್ಲ ಅಣ್ಣ ಅದು, ಬಸವಣ್ಣಂಗೆ ಹೇಳಿದ್ದು’ ಎಂದರು.

ಎಮ್ಮೆಲ್ಲೆ ಅಣ್ಣನನ್ನು ನಾನು ಗೇಟಿನವರೆಗೆ ಬಿಡಲು ಹೋದೆ. ಅವರು ಬೇಲಿ ಹಿಡಿದು, ನನ್ನ ಕಡೆ ತಿರುಗಿ ಕೇಳಿದರು.

‘ನೀಲಮ್ಮ, ವಿಧಾನಸೌಧಕ್ಕೇ ಗೆಲ್ಬೇಕು ಅಂತ ಹೇಳವ್ನಾ ಅವ್ನು?’

‘ಇಲ್ಲಣ್ಣ. ಇನ್ನೊಂದ್ಸಲ ಗೆಲ್ಲೋವರ್ಗೂ ಅಂತ ಅಂದವ್ರೆ, ಅಷ್ಟೇಯ.’

‘ಮುಂದಿನ ತಿಂಗ್ಳು ಸೊಸೈಟಿ ಎಲೆಕ್ಷನ್ ಐತಲ್ಲ, ನಿಂತ್ಕತೀನಿ ಬುಡು. ನಾನು ಉಳ್ಸಿದ ಕಾಲು ನನ್ನ ಹೆಸ್ರಲ್ಲೇ ಹೋಗದು ಬ್ಯಾಡ.’

ಸೊಸೈಟಿ ಎಂದರೆ ನಮ್ಮ ಊರಿಗೂ ಪಕ್ಕದ ಊರಿಗೂ ಸೇರಿದ ಸಹಕಾರ ಸಂಘ. ಗೊಬ್ಬರ, ರೇಷನ್ ಕೊಡುವ ಜಾಗ. ಅದರಲ್ಲಿ ಸಾಲ ತೆಗೆದುಕೊಳ್ಳದ ಸದಸ್ಯರಿಗೆಂದು ಒಂದೇ ಒಂದು ನಿರ್ದೇಶಕ ಸ್ಥಾನವಿದೆ. ಎಮ್ಮೆಲ್ಲೆ ಅಣ್ಣ ಅಂಥ ಹಳೆಯ ಸದಸ್ಯರು. ವಿಧಾನಸೌಧದಲ್ಲಿ ಕೂತು ಬಂದವರು ಆ ಗೊಬ್ಬರದ ವಾಸನೆಯ ಕೋಣೆಗೆ ನಾಮಪತ್ರ ಹಾಕಿದಾಗ ಊರೆಲ್ಲ ಬೆರಗಾಯಿತು. ಎದುರು ನಿಲ್ಲಲು ಯಾರೂ ಮುಂದೆ ಬರಲಿಲ್ಲ. ನನಗೆ ಜೀವ ಹಗುರವಾಯಿತು. ಆದರೆ ಊಟಕ್ಕೆ ಕೂತಾಗ ನಮ್ಮನೆಯವರು, ಎದುರು ಒಬ್ಬರೂ ಇಲ್ಲದೆ ಗೆಲ್ಲುವುದು ಗೆಲುವೇ ಅಲ್ಲ, ಅದು ಜನ ಕೊಡುವ ಮರ್ಯಾದೆ ಅಷ್ಟೇ ಎಂದರು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ನಾಮಪತ್ರಕ್ಕೆ ಮಾರನೇ ದಿನವೇ ಕೊನೆ. ನಮ್ಮ ಮಾವ ಕಾಲವಾದ ಮೇಲೆ ಅವರ ಷೇರು ನನ್ನ ಹೆಸರಿಗೆ ಬಂದಿತ್ತು, ನಾನು ಸಾಲ ತೆಗೆದವಳಲ್ಲ. ನಮ್ಮನೆಯವರು ಬೆಳೆ ಸಾಲದವರು, ಅವರ ಓಟು ಬೇರೆ ಗುಂಪಿಗೆ. ಬೆಳಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಒಳ್ಳೆಯ ಸೀರೆ ಉಟ್ಟು ಹೋಗಿ ನಾಮಪತ್ರ ಹಾಕಿದೆ. ಯಾಕಮ್ಮ ಎಂದು ಅಲ್ಲಿದ್ದವರು ಕೇಳಿದರು. ಬಾಯಿಗೆ ಬಂದಿದ್ದನ್ನು ಹೇಳಿದೆ: ‘ಯಾವಾಗ್ಲೂ ಗಂಡಸ್ರೇ ಗೆಲ್ಬೇಕಾ? ನಾವೂ ಒಂದು ಕೈ ನೋಡ್ತೀವಿ.’ ಆ ಮಾತು ನನ್ನ ಕುತ್ತಿಗೆಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಮನೆಯಲ್ಲಿ ರಾಮಾಯಣವಾಯಿತು. ಕಾಲು ಉಳಿಸಿದವರ ಎದುರು ಹೆಂಡತಿಯೇ ನಿಲ್ಲುವುದಾ ಎಂದು ಇವರು ನನ್ನ ಜೊತೆ ಮಾತು ಬಿಟ್ಟರು. ನಾನು ಕೊಟ್ಟ ಕಾಫಿ ಕುಡಿಯದೆ ತಾವೇ ಮಾಡಿಕೊಂಡು, ಅರ್ಧ ಒಲೆಗೆ ಚೆಲ್ಲಿದರು. ನಿಜ ಹೇಳುವಂತಿಲ್ಲ. ಹೇಳಿದರೆ ಅಲ್ಲಿಗೆ ಮುಗಿಯಿತು, ನಾಟಕದ ಗೆಲುವನ್ನು ಈ ಮನುಷ್ಯ ಒಪ್ಪುವುದಿಲ್ಲ. ಗಂಡನ ಕೈಲಿ ಬೈಸಿಕೊಂಡು, ಮುಖ ಗಂಟು ಹಾಕಿಕೊಂಡೇ ಓಡಾಡಿದೆ. ಇವರು ಮಾತ್ರ ಬ್ಯಾಂಡೇಜು ಸುತ್ತಿದ ಪಾದದಲ್ಲೇ ಕುಂಟುತ್ತಿದ್ದರು. ದಿನಾ ಆ ಬಟ್ಟೆ ಬಿಚ್ಚಿ ಗಾಯ ತೊಳೆದು, ಕಪ್ಪು ಏರಿದೆಯಾ ಎಂದು ದೀಪ ಹಿಡಿದು ನೋಡುತ್ತಿದ್ದೆ.

ಮತದಾನ ಹತ್ತಿರ ಬರುತ್ತಿದ್ದಂತೆ ಇನ್ನೊಂದು ಫಜೀತಿ. ನಾನು ಆಡಿದ ಮಾತು ಮನೆಮನೆಗೆ ಹಬ್ಬಿ ಹೆಂಗಸರಿಗೆಲ್ಲ ಹಿಡಿಸಿಬಿಟ್ಟಿತ್ತು. ಕಾಫಿ ಕೊಯ್ಯುವಾಗ, ಹೆಂಗಸರ ಸಂಘದ ಸಭೆಯಲ್ಲಿ, ಎಲ್ಲೆಲ್ಲೂ ಅದೇ. ಎಮ್ಮೆಲ್ಲೆ ಅಣ್ಣ ಬೇಕಾದಷ್ಟು ಗೆದ್ದಿದ್ದಾರೆ, ಈ ಸಲ ನಮ್ಮ ನೀಲಕ್ಕ ಗೆಲ್ಲಲಿ ಎಂದು ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಂಡಿದ್ದರು. ನನಗೆ ಹಾಕಬೇಡಿ ಎಂದು ನಾನು ಮನೆಮನೆಗೆ ಹೋಗಿ ಬೇಡಿಕೊಂಡೆ. ಎಷ್ಟು ಸಂಕೋಚದ ಹೆಂಗಸು ಎಂದು ಅವರು ಇನ್ನೂ ಗಟ್ಟಿಯಾದರು. ಹೀಗೆ ತನ್ನನ್ನು ಸೋಲಿಸಿ ಎಂದು ಪ್ರಚಾರ ಮಾಡಿದ ಅಭ್ಯರ್ಥಿ ಇನ್ನೊಬ್ಬರು ಇದ್ದರೆ ನನಗೆ ತಿಳಿಸಿ.

ದಾರಿಯಲ್ಲಿ ಸಿಕ್ಕ ಎಮ್ಮೆಲ್ಲೆ ಅಣ್ಣನಿಗೆ, ನಾನು ಎದುರು ನಿಂತಿದ್ದು ಯಾಕೆ ಎನ್ನುವುದರಿಂದ ಹಿಡಿದು ಎಲ್ಲ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಂತಿತು. ‘ಹಂಗಾದ್ರೆ ನಿಜವಾಗ್ಲೂ ಓಟು ಕೇಳ್ಬೇಕು ಕಣಮ್ಮ’ ಎಂದರು.

ಕೇಳಿದರು. ಅಷ್ಟು ವರ್ಷ ಅವರು ಹೇಗೆ ಗೆಲ್ಲುತ್ತಿದ್ದರು ಎನ್ನುವುದನ್ನು ನಾನು ಆಗಲೇ ಹತ್ತಿರದಿಂದ ನೋಡಿದ್ದು. ಕಾರಿಲ್ಲ, ಹಾರವಿಲ್ಲ, ಹಿಂದೆ ಮುಂದೆ ಜನವಿಲ್ಲ. ನಮ್ಮೂರಿನ ಮನೆಗಳು ಒಂದು ಗುಡ್ಡದ ತಲೆಯಲ್ಲಿದ್ದರೆ ಇನ್ನೊಂದು ಗದ್ದೆ ಬುಡದಲ್ಲಿ. ಮಂಡಿ ನೋವಿಗೆ ಪಟ್ಟಿ ಕಟ್ಟಿಕೊಂಡು, ಕೋಲೂರಿಕೊಂಡು ಒಂದೊಂದೇ ಮನೆ ಹತ್ತಿ ಇಳಿದರು. ‘ನನಗೆ ಹಾಕಬೇಡಿ’ ಎನ್ನಲು ನಾನು ಹೋದ ಮನೆಗೇ ಅವರು ‘ನನಗೆ ಹಾಕಿ’ ಎನ್ನಲು ಬರುತ್ತಿದ್ದರು. ಸಿದ್ದಮ್ಮಜ್ಜಿಯ ಅಂಗಳದಲ್ಲಿ ಹಾಗೆ ಇಬ್ಬರೂ ಎದುರುಬದುರಾದೆವು. ಅಜ್ಜಿ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಶುರು ಹಚ್ಚಿಕೊಂಡಳು. ಸೇತುವೆ ಮಾಡಿಸಿದ್ದು ಸರಿ, ಸ್ಕೂಲು ತಂದಿದ್ದೂ ಸರಿ, ಆದರೆ ಪ್ರತಿ ಚುನಾವಣೆಯಲ್ಲೂ ಆನೆ ಓಡಿಸುತ್ತೇನೆ ಎಂದು ಹೇಳಿ ಹೋದವನು ನೀನು, ಈ ವರ್ಷವೂ ನನ್ನ ಗದ್ದೆ ಆನೆ ಹೊಟ್ಟೆಗೇ ಹೋಯಿತು ಎಂದು ಒಂದೇ ಸಮ ಬೈದಳು. ಅವರು ಲೋಟ ಕೈಯಲ್ಲಿ ಹಿಡಿದು ಪೂರ್ತಿ ಕೇಳಿಸಿಕೊಂಡರು.

‘ಹೌದು ತಾಯಿ, ಆನೆ ವಿಷ್ಯದಲ್ಲಿ ನಾನು ಸೋತೆ. ವಿಧಾನಸೌಧದಲ್ಲಿ ಕೂಗಾಡಿದ್ದು ಆನೆಗೆ ಕೇಳಿಸ್ಲಿಲ್ಲ, ಮಂತ್ರಿಗಳಿಗೂ ಕೇಳಿಸ್ಲಿಲ್ಲ’ ಎಂದರು.

ಅಜ್ಜಿ ಇನ್ನೊಂದು ಲೋಟ ಕಾಫಿ ತರಲು ಎದ್ದು ಒಳಗೆ ಹೋದಳು. ಅವಳ ಓಟು ಯಾರಿಗೆಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಮತದಾನದ ದಿನ ನಾನು ನನ್ನ ಓಟನ್ನು ಅವರಿಗೇ ಹಾಕಿದೆ. ಓಟು ಮುಗಿದ ಮೇಲೆ ಗೊಬ್ಬರದ ಮೂಟೆಗಳ ಪಕ್ಕದಲ್ಲೇ ಎಣಿಕೆ ಶುರುವಾಯಿತು. ನಮ್ಮನೆಯವರು ಬಾಗಿಲಲ್ಲಿ ಒಂಟಿ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದರು. ಚುನಾವಣಾಧಿಕಾರಿ ಒಂದೊಂದೇ ಚೀಟಿ ಬಿಡಿಸಿ ಹೆಸರು ಕೂಗುತ್ತಿದ್ದರು. ನೀಲಮ್ಮ, ನೀಲಮ್ಮ, ಮತ್ತೆ ನೀಲಮ್ಮ. ಹೆಂಗಸರು ಹೊರಗೆ ಚಪ್ಪಾಳೆ ತಟ್ಟಿದರು. ನಾನು ಗೆದ್ದರೆ ಈ ಮನುಷ್ಯನ ಕಾಲು ಹೋದಂತೆಯೇ ಎಂದು ಸೆರಗಿನೊಳಗೆ ಕೈ ಮುಗಿದು ಬಸವಣ್ಣನನ್ನು ಬೇಡಿಕೊಂಡೆ. ಎಮ್ಮೆಲ್ಲೆ ಅಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ತುದಿಗೆ ಕೂತಿದ್ದರು. ಕೋಲು ಹಿಡಿದ ಅವರ ಕೈ ನಡುಗುತ್ತಿತ್ತು. ಕೊನೆಯ ಕಟ್ಟು ಬಿಚ್ಚಿದಾಗ ಅವರ ಹೆಸರು ಒಂದರ ಹಿಂದೆ ಒಂದು ಬರತೊಡಗಿತು. ಬೆರಳೆಣಿಕೆಯ ಓಟಿನಲ್ಲಿ ಅವರು ಗೆದ್ದರು.

ನಾನು ಸೋತು ಗೋಳೋ ಎಂದು ಅತ್ತೆ. ಪಾಪ, ಎಷ್ಟು ಆಸೆ ಇಟ್ಟುಕೊಂಡಿದ್ದಳು ಎಂದು ಹೆಂಗಸರು ಸಮಾಧಾನ ಮಾಡಿದರು. ಎಮ್ಮೆಲ್ಲೆ ಅಣ್ಣ ಹತ್ತಿರ ಬಂದು ಮೆಲ್ಲಗೆ, ‘ಎದುರಾಳಿನೇ ನಾನು ಗೆಲ್ಲಲಿ ಅಂತ ಕೈ ಮುಗಿದ ಎಲೆಕ್ಷನ್ ಇದೊಂದೇ ಕಣಮ್ಮ’ ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಅಲ್ಲಿಂದ ಬಸವಣ್ಣನ ಗುಡಿಗೆ ಹೋದೆವು. ನಮ್ಮನೆಯವರು ಅಡ್ಡಬಿದ್ದು ಹೊರಗೆ ಬಂದಾಗ ಮೆಟ್ಟಿಲ ಬಳಿ ಎಮ್ಮೆಲ್ಲೆ ಅಣ್ಣನ ಹಳೆಯ ಚಪ್ಪಲಿಯ ಪಕ್ಕ ಡಾಕ್ಟರು ಹೇಳಿದಂಥದೇ ಹೊಸ ಮೆತ್ತನೆಯ ಚಪ್ಪಲಿ ಇತ್ತು. ಅವರೇ ತರಿಸಿದ್ದು. ಇವರು ಅದನ್ನು ನೋಡಿ ನಿಂತೇ ಇದ್ದರು. ಅವರ ಎದುರು ಹೇಗೆ ಮೆಟ್ಟುವುದು ಎಂಬ ಸಂಕೋಚ. ‘ಸರಿ, ನಾನು ಅತ್ಲಾಗೆ ತಿರಿಕ್ಕತೀನಿ, ಹಾಕ್ಕಳೋ ಮಾರಾಯ’ ಎಂದು ಎಮ್ಮೆಲ್ಲೆ ಅಣ್ಣ ಬೆನ್ನು ಮಾಡಿ ಗುಡ್ಡ ನೋಡುತ್ತಾ ನಿಂತರು. ಇವರು ಮೆಟ್ಟಿದರು.

ಮನೆಗೆ ಬರುವಾಗ ಎಷ್ಟೋ ದಿನಗಳ ಮೇಲೆ ನನ್ನ ಜೊತೆ ಮಾತಾಡಿದರು. ‘ಎಣಿಸ್ವಾಗ ನಿನ್ನ ಹೆಸ್ರು ಕೂಗ್ದಾಗೆಲ್ಲ ನಿನ್ನ ಮುಖ ಬಾಡ್ತಿತ್ತು, ಯಾರು ಗೆಲ್ಲಲಿ ಅಂತ ಕೈ ಮುಗೀತಿದ್ದೆ ಅಂತ ನೋಡ್ದೆ ಕಣೆ. ಎಲ್ಲ ಗೊತ್ತಾಯ್ತು.’ ಎಲ್ಲಿ ಚಪ್ಪಲಿ ಬಿಚ್ಚಿಬಿಡುತ್ತಾರೋ ಎಂದು ನಾನು ಇವರ ಕಾಲನ್ನೇ ನೋಡಿದೆ. ಇವರು ನಡೆಯುತ್ತಲೇ ಹೇಳಿದರು: ‘ಆದ್ರೂ ಅವ್ರ ಕೈ ನಡುಗ್ತಿತ್ತಲ್ಲ, ಸೋತ್ಬುಡ್ತೀನಿ ಅಂತ ಹೆದ್ರಿದ್ರು. ಹಂಗಾದ್ಮೇಲೆ ಅದು ಗೆಲುವೇಯ.’

ಕೆಲಸ ಆಯಿತೆಂದು ಎಮ್ಮೆಲ್ಲೆ ಅಣ್ಣ ಮಾರನೇ ದಿನ ರಾಜೀನಾಮೆ ಕೊಡಬಹುದಿತ್ತು. ಕೊಡಲಿಲ್ಲ. ತಿಂಗಳ ಸಭೆಗೆಲ್ಲ ಕೋಲೂರಿಕೊಂಡು ಬಂದು, ಗೊಬ್ಬರ ಯಾಕೆ ಸಮಯಕ್ಕೆ ಬಂದಿಲ್ಲ ಎಂದು ಸೆಕ್ರೆಟರಿಯನ್ನು ವಿಚಾರಿಸುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ ‘ವಿರೋಧ ಪಕ್ಷದವ್ರು ಹೆಂಗವ್ರೆ’ ಎಂದು ಕೇಳುತ್ತಿದ್ದರು. ಆ ಅವಧಿ ಮುಗಿಯುವ ಮುಂಚೆಯೇ ತೀರಿಕೊಂಡರು.

ಮಣ್ಣಿಗೆ ಸಕಲೇಶಪುರ, ಆಲೂರು ಕಡೆಯಿಂದೆಲ್ಲ ಜನ ಬಂದಿದ್ದರು. ದೊಡ್ಡ ದೊಡ್ಡವರೂ ಚಪ್ಪಲಿಯನ್ನು ಬೇಲಿ ಪಕ್ಕ ಬಿಟ್ಟು ಬರಿಗಾಲಲ್ಲಿ ಹೆಣದ ಹಿಂದೆ ನಡೆಯುತ್ತಿದ್ದರು. ನಮ್ಮನೆಯವರು ಮಾತ್ರ ಚಪ್ಪಲಿ ಮೆಟ್ಟಿಕೊಂಡೇ ಇದ್ದರು. ಗುರುತಿಲ್ಲದ ಒಬ್ಬರು ಬಂದು, ಯಜಮಾನರೇ, ಚಪ್ಪಲಿ ಬಿಡಿ ಎಂದು ಸಿಟ್ಟಿನಿಂದಲೇ ಪಿಸುಗುಟ್ಟಿದರು.

‘ಬಿಡಂಗಿಲ್ಲ ಕಣಪ್ಪ. ಇದನ್ನ ಹಾಕ್ಸಕ್ಕೆ ಅವ್ರು ಆ ಮಂಡಿ ನೋವಲ್ಲಿ ಮನೆಮನೆ ಹತ್ತಿ ಇಳ್ದವ್ರೆ’ ಎಂದರು ಇವರು.

ಆ ಮನುಷ್ಯನಿಗೆ ಏನೂ ಅರ್ಥವಾಗಲಿಲ್ಲ. ನಾನು ನನ್ನ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಇವರ ಪಕ್ಕ ನಡೆದೆ. ಅಂದು ನಾನು ಸೋಲದಿದ್ದರೆ ಇವರು ಹೀಗೆ ಎರಡು ಕಾಲಿನ ಮೇಲೆ ನಡೆದು ಅವರನ್ನು ಕಳಿಸಿಕೊಡಲು ಬರುತ್ತಿರಲಿಲ್ಲವಲ್ಲ ಎಂದು ನೆನೆದು, ಅಳುವಿನ ನಡುವೆಯೂ ನನಗೆ ಸಮಾಧಾನವಾಯಿತು.